ಹಾಪ್ಸ್ ತಳಿಗಳ ಹೋಲಿಕೆ: ಲೇಖಕರಿಗೊಂದು ಉತ್ತರ

ಮಾನ್ಯರೇ,

ಬಿಯರ್‌ಗೆ ಬಳಸುವ ಹಾಪ್ಸ್ ಹೂಗಳ ತಳಿಗಳನ್ನು ಹೋಲಿಸಿ ತಾವು ಉಡುಪಿಯಿಂದ ಕಳುಹಿಸಿದ ಲೇಖನವನ್ನು ಓದಿದೆ. ಭಾಷೆ ತಿಳಿಯಾಗಿದೆ, ವಿಷಯವೂ ನಮ್ಮ ಓದುಗರಿಗೆ ಹೊಸದು. ಆದರೂ ಈಗಿರುವ ರೂಪದಲ್ಲಿ ಪ್ರಕಟಿಸಲಾಗದು.

ತೊಡಕಿರುವುದು ಹೋಲಿಕೆಯಲ್ಲಿಯೇ. ಜೆಕ್ ದೇಶದ ಸಾಜ್ ತಳಿಯನ್ನು ಪಿಲ್ಸ್ನರ್ ಎಂಬ ತಿಳಿ ಬಣ್ಣದ ಬಿಯರ್‌ನಲ್ಲಿಯೂ ಅಮೆರಿಕದ ಸಿಟ್ರಾವನ್ನು ಹಾಪ್ಸ್ ಹೆಚ್ಚಾಗಿ ಹಾಕುವ ಐಪಿಎ (ಇಂಡಿಯಾ ಪೇಲ್ ಏಲ್) ಬಿಯರ್‌ನಲ್ಲಿಯೂ ಸವಿದು, ಎರಡನೆಯದೇ ಹೆಚ್ಚು ಕಹಿ ಎಂದು ತೀರ್ಮಾನಿಸಿದ್ದೀರಿ. ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಧಾನ್ಯ), ಯೀಸ್ಟ್, ಹಾಪ್ಸ್‌ನ ಪ್ರಮಾಣ ಎಲ್ಲವೂ ಬೇರೆಯಾಗಿರುವಾಗ ತಾವು ಹೋಲಿಸಿದ್ದು ಎರಡು ಬಿಯರ್‌ಗಳನ್ನು, ತಳಿಗಳನ್ನಲ್ಲ. ಸಾಜ್‌ನಲ್ಲಿ ಕಹಿಗೆ ಮೂಲವಾದ ಆಲ್ಫಾ ಆಮ್ಲ ಶೇ. 4ರ ಆಸುಪಾಸು, ಸಿಟ್ರಾದಲ್ಲಿ ಶೇ. 12ರ ಆಸುಪಾಸು ಎಂಬ ಅಂಕಿಗಳು ಸರಿಯೇ. ಆದರೆ ಕುದಿಯುವಾಗ ಆ ಆಮ್ಲ ರೂಪಾಂತರ ಹೊಂದಿದರಷ್ಟೇ ಕಹಿ ಕರಗಿ ಬರುತ್ತದೆ. ಹಾಗಾಗಿ ಒಂದೇ ಬಗೆಯ ಮಾಲ್ಟ್ ರಸದಲ್ಲಿ ಒಂದು ಗಂಟೆ ಕುದಿಸಿದ 30 ಗ್ರಾಂ ಸಾಜ್ ಮತ್ತು 10 ಗ್ರಾಂ ಸಿಟ್ರಾ ಹೆಚ್ಚುಕಡಿಮೆ ಒಂದೇ ಕಹಿಯನ್ನು ಕೊಡುತ್ತವೆ. ಅದೇ ಸಿಟ್ರಾವನ್ನು ಹುದುಗಿದ ತಣ್ಣನೆಯ ಬಿಯರ್‌ಗೆ ಹಾಕಿದರೆ ಕಹಿ ಅಷ್ಟಾಗಿ ಏರದೆ ಪರಿಮಳವೇ ಮುಂದಾಗುತ್ತದೆ. ಲೇಖನದ ಜೀವ ಇರಬೇಕಾದದ್ದು ಇಲ್ಲಿ, ತಾವೋ ಇದನ್ನು ಒಂದು ಸಾಲಿನಲ್ಲೂ ಹೇಳಿಲ್ಲ.

1972ರಲ್ಲಿ ಬಿಡುಗಡೆಯಾದ ಕ್ಯಾಸ್ಕೇಡ್ ತಳಿಯ ಪರಿಮಳವನ್ನು ‘ಗ್ರೇಪ್‌ಫ್ರೂಟ್‌ನಂತೆ’ ಎಂದಷ್ಟೇ ಬರೆದು ಮುಂದೆ ಹೋಗಿದ್ದೀರಿ. ಚಕ್ಕೋತದ ಸಿಪ್ಪೆಯನ್ನು ಉಗುರಿನಿಂದ ಗೀರಿದಾಗ ಬರುವ ವಾಸನೆ ಎಂದಿದ್ದರೆ ಕರಾವಳಿಯ ಓದುಗರಿಗೆ ಅದು ಕೂಡಲೇ ದಕ್ಕುತ್ತಿತ್ತು. ಮೈರ್ಸೀನ್‌ನಂಥ ಪರಿಮಳದ ಎಣ್ಣೆಗಳು ದೀರ್ಘ ಕುದಿತದಲ್ಲಿ ಆವಿಯಾಗಿ ಹೋಗುವುದರಿಂದ, ಹಾಪ್ಸನ್ನು ಯಾವ ಹಂತದಲ್ಲಿ ಹಾಕಿದ್ದೆಂದು ತಿಳಿಸುವುದೂ ಅಗತ್ಯ.

ಸಾಜ್‌ಗೆ ಹಳೆಯ ಚೀಸ್‌ನ ವಾಸನೆಯಿದೆ ಎಂಬ ಮಾತನ್ನು ದಯವಿಟ್ಟು ತೆಗೆದುಹಾಕಿ. ತೆರೆದ ಪೊಟ್ಟಣವನ್ನು ಬೇಸಿಗೆಯಿಡೀ ಅಡುಗೆಮನೆಯ ಕಪಾಟಿನಲ್ಲಿಟ್ಟಿದ್ದಾಗಿ ತಾವೇ ಬರೆದಿದ್ದೀರಿ. ಶಾಖ ಮತ್ತು ಗಾಳಿಯಿಂದ ಹಾಪ್ಸ್ ಹಳಸಿದಾಗ ಬರುವ ವಾಸನೆ ಅದು, ತಳಿಯ ದೋಷವಲ್ಲ. ಕರಾವಳಿಯಲ್ಲಿ ಹಾಪ್ಸ್ ಬೆಳೆಯುವ ಕನಸಿನ ಭಾಗವೂ ಬೇಡ: ಆ ಬಳ್ಳಿಗೆ ಚಳಿಗಾಲದ ವಿಶ್ರಾಂತಿಯೂ ಬೇಸಿಗೆಯ ದೀರ್ಘ ಹಗಲೂ ಬೇಕು, ನಮ್ಮ 13 ಡಿಗ್ರಿ ಅಕ್ಷಾಂಶದಲ್ಲಿ ಎರಡೂ ಇಲ್ಲ.

ಪರವಾನಗಿಯಿಲ್ಲದೆ ಮನೆಯಲ್ಲಿ ಬಿಯರ್ ತಯಾರಿಸಲು ನಮ್ಮ ಅಬಕಾರಿ ಕಾನೂನು ಬಿಡುವುದಿಲ್ಲವಾದ್ದರಿಂದ ತಾವು ಬರೆದಿರುವ ಆ ವಿಧಾನವನ್ನು ನಾವು ಅಚ್ಚು ಹಾಕಲಾರೆವು. ಹೋಲಿಕೆಗೆ ಅದು ಬೇಕಾಗಿಯೂ ಇಲ್ಲ. ತಾಜಾ ಹಾಪ್ಸನ್ನು ಸಮತೂಕದಲ್ಲಿ ಬಿಸಿನೀರಿಗೆ ಹಾಕಿ, ಸೋಸಿ, ಒಂದರ ಪಕ್ಕದಲ್ಲಿ ಇನ್ನೊಂದನ್ನಿಟ್ಟು ಮೂಸಿ ನೋಡಿದರೆ ಪರಿಮಳದ ವ್ಯತ್ಯಾಸ ತಿಳಿಯುತ್ತದೆ. ಹನ್ನೆರಡು ತಳಿಗಳ ಪಟ್ಟಿಯನ್ನು ಕೈಬಿಟ್ಟು, ಸಾಜ್, ಕ್ಯಾಸ್ಕೇಡ್, ಸಿಟ್ರಾ ಈ ಮೂರನ್ನೇ ಹೀಗೆ ಪರೀಕ್ಷಿಸಿ ಬರೆದು ಕಳುಹಿಸಿದರೆ ಮತ್ತೆ ಓದುತ್ತೇನೆ.

ಇತಿ,
ಸಂಪಾದಕ, ಮಂಗಳೂರು