ಸಭೆಯ ಹಳೇ ರಿಜಿಸ್ಟರು

ಬೆಟಗೇರಿಯ ಅಕ್ಕೋರೆ, ನಮಸ್ಕಾರ.

ಹೋದ ಸಂಚಿಕೆಯಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಿಂದ ಕ್ರೈಸ್ತ ಧರ್ಮ ಸಾರಲು ಬಂದ ಬಾಸೆಲ್ ಮಿಷನ್ ಬಗ್ಗೆ ಬರೆದಾಗ ಬರೀ ಜರ್ಮನ್ ಸಾಹೇಬರ ಹೆಸರು ತುಂಬಿಸಿದ್ದೆವು. "ನಮ್ಮ ಅಜ್ಜ ಅಜ್ಜಿ ಅದರಾಗ ಎಲ್ಲಿದ್ದಾರ?" ಅಂತ ಕೇಳಿದ್ದೀರಿ. ನಿಮ್ಮ ಊರಿನ ಕ್ರೈಸ್ತ ಸಭೆಯ ಚರಿತ್ರೆ ಬರೆಯೋಕೆ ಎಲ್ಲಿಂದ ಶುರು ಮಾಡಲಿ ಅಂತಲೂ ಕೇಳಿದ್ದೀರಿ. ಮೊದಲ ಮಾತಿಗೆ ನನ್ನ ಹತ್ತಿರ ಸಮಜಾಯಿಷಿ ಇಲ್ಲ. ತಪ್ಪು ನಮ್ಮದೇ.

ಸಾಹೇಬರ ಕಥೆ ಸುಲಭಕ್ಕೆ ಸಿಗುತ್ತದೆ. ಅವರು ಬರೆದ ಕಾಗದ, ವರದಿ ಎಲ್ಲ ಬಾಸೆಲ್‌ನಲ್ಲಿ ಜೋಪಾನವಾಗಿವೆ. 1834ರಲ್ಲಿ ಮಂಗಳೂರಿಗೆ ಬಂದರು. 1837ಕ್ಕೆ ಧಾರವಾಡ, 1839ಕ್ಕೆ ಹುಬ್ಬಳ್ಳಿ, 1841ಕ್ಕೆ ನಿಮ್ಮ ಬೆಟಗೇರಿ. ಅದೇ ಹೊತ್ತಿಗೆ ಪಕ್ಕದ ಮಲ್ಲಸಮುದ್ರದಲ್ಲಿ ಹೊಸ ಕ್ರೈಸ್ತರಿಗಾಗಿ ಒಕ್ಕಲುತನದ ಊರು ಕಟ್ಟಲು ನೋಡಿದರು. ಅದು ಕೈಗೂಡಲಿಲ್ಲ. 1853ರಲ್ಲಿ ಬಂದ ಕಿಟೆಲ್ ಧಾರವಾಡ ಸೀಮೆಯಲ್ಲೇ ಕನ್ನಡ ಕಲಿತು 1894ರಲ್ಲಿ ನಿಘಂಟು ಕೊಟ್ಟರು. ಇಷ್ಟನ್ನು ಯಾರು ಬೇಕಾದರೂ ಬರೆಯಬಹುದು. ನೀವು ಇದಕ್ಕೆ ಒಂದು ಪುಟಕ್ಕಿಂತ ಜಾಸ್ತಿ ಕೊಡಬೇಡಿ.

ಶುರು ಮಾಡಬೇಕಾದದ್ದು ದೀಕ್ಷಾಸ್ನಾನದ, ಅಂದರೆ ಸಭೆಗೆ ಸೇರಿಸಿಕೊಳ್ಳುವಾಗ ನೀರಿನಿಂದ ಮಾಡುವ ಸಂಸ್ಕಾರದ, ರಿಜಿಸ್ಟರಿನಿಂದ. ನಮ್ಮ ಕಡೆಯ ಒಂದು ಸಣ್ಣ ಊರಿನ ಸಭಾಪಾಲಕರು (ಸಭೆಯ ಪಾದ್ರಿ) ಒಮ್ಮೆ ಕಬ್ಬಿಣದ ಟ್ರಂಕು ತೆಗೆದು ನನಗೆ ಅಂಥದ್ದೊಂದನ್ನು ತೋರಿಸಿದರು. ರಟ್ಟು ಗೆದ್ದಲು ತಿಂದಿತ್ತು. ಮಸಿ ಕಂದಾಗಿತ್ತು, ಅಕ್ಷರ ಮಾತ್ರ ಮುತ್ತು ಪೋಣಿಸಿದಂತಿತ್ತು. ಹಳೇ ಹೆಸರು, ಹೊಸ ಹೆಸರು, ತಂದೆ ತಾಯಿ, ಊರು. ಒಂದು ಪುಟದಲ್ಲಿ ಸಾಲಾಗಿ ಮಕ್ಕಳ ಹೆಸರು. ತಂದೆ ತಾಯಿಯ ಕಾಲಮಿನಲ್ಲಿ ಎಲ್ಲರಿಗೂ ಒಂದೇ ಮಾತು: "ತಿಳಿಯದು". ಅದು ಧಾತು, ಈಶ್ವರ ಸಂವತ್ಸರಗಳ ಬರ. 1876ರಿಂದ 78. ಮಿಷನ್ನಿನವರು ಎತ್ತಿಕೊಂಡು ಸಾಕಿದ ಕೂಸುಗಳು ಅವು. ಆ ಪುಟ ತಿರುವೋಕೆ ನನಗೆ ಕೈ ಬರಲಿಲ್ಲ. ಆ ಮಕ್ಕಳೇ ಬೆಳೆದು ಮದುವೆಯ ರಿಜಿಸ್ಟರಿನಲ್ಲಿ ಮತ್ತೆ ಸಿಕ್ಕರು. ಆಮೇಲೆ ಅವರ ಮಕ್ಕಳ ಹೆಸರು. ಆ ಕಾಲಮಿನಲ್ಲಿ ಈಗ ತಂದೆಯೂ ಇದ್ದ, ತಾಯಿಯೂ ಇದ್ದಳು.

ಇನ್ನೊಂದು ವರ್ಷ ಬಿಡಲೇಬೇಡಿ: 1914. ಮೊದಲ ಮಹಾಯುದ್ಧ ಶುರುವಾಯಿತು. ಬ್ರಿಟಿಷ್ ಸರಕಾರ ಜರ್ಮನ್ ಪಾದ್ರಿಗಳನ್ನು ಹಿಡಿದು ಅಹಮದ್‌ನಗರದ ಶಿಬಿರಕ್ಕೆ ಹಾಕಿತು. ಆಮೇಲೆ ದೇಶಕ್ಕೆ ಕಳಿಸಿಬಿಟ್ಟಿತು. ಸಾಹೇಬರದ್ದೇ ಚರ್ಚು ಆಗಿದ್ದರೆ ಅವತ್ತೇ ಬೀಗ ಬೀಳಬೇಕಿತ್ತು, ಅಲ್ವಾ? ಬೀಳಲಿಲ್ಲ. ನಮ್ಮ ಸಭಾಪಾಲಕರು, ಸಂತೆಯಿಂದ ಸಂತೆಗೆ ನಡೆದು ಸಾರಿದ ಉಪದೇಶಿಗಳು, ಕಾಣಿಕೆ ಪೆಟ್ಟಿಗೆಯ ಲೆಕ್ಕ ಇಟ್ಟ ಹಿರಿಯರು ನಡೆಸಿಕೊಂಡು ಹೋದರು. ನಿಮ್ಮ ಪುಸ್ತಕದ ನಡುಮನೆ ಇದೇ ಆಗಲಿ ಅಂತ ನನ್ನ ಆಸೆ. ಆ ವರ್ಷಗಳ ಸಭೆಯ ನಡಾವಳಿ ಪುಸ್ತಕ ಸಿಕ್ಕರೆ ಸಾಲು ಬಿಡದೆ ಓದಿ. ಯಾರ ಮನೆಯಲ್ಲಿ ಪ್ರಾರ್ಥನೆ ಆಯಿತು, ಮಾಳಿಗೆ ಸೋರಿದಾಗ ಯಾರು ಎಷ್ಟು ಕೊಟ್ಟರು, ಎಲ್ಲ ಬೇಕು.

ಹೆಂಗಸರ ಹೆಸರು ಅಲ್ಲಿ ಕಮ್ಮಿ ಸಿಗುತ್ತವೆ. ಉಪದೇಶಿಯ ಹೆಂಡತಿ ಓಣಿಯ ಹುಡುಗಿಯರಿಗೆ ಓದು, ಹೊಲಿಗೆ ಕಲಿಸಿದ್ದನ್ನು ಯಾರೂ ರಿಜಿಸ್ಟರಿನಲ್ಲಿ ಬರೆಯುವುದಿಲ್ಲ. ಅದಕ್ಕೆ ವಯಸ್ಸಾದ ಅಮ್ಮಂದಿರ ಹತ್ತಿರವೇ ಕೂರಬೇಕು. ಸುಮ್ನೆ ಪ್ರಶ್ನೆ ಕೇಳಬೇಡಿ. ಚರ್ಚಿನಲ್ಲಿ ಹಾಡುವ ಹಳೇ ಸಂಗೀತ ಪುಸ್ತಕ ಒಯ್ದು ಒಂದು ಹಾಡು ಎತ್ತಿ. ಆ ಹಾಡು ಯಾರು ಕಲಿಸಿದರು ಅನ್ನುವುದರಿಂದ ಮಾತು ತಾನಾಗಿ ಹೊರಡುತ್ತದೆ. ಈ ಕೆಲಸ ಮೊದಲು ಮಾಡಿ. ರಿಜಿಸ್ಟರು ಇನ್ನೊಂದು ವರ್ಷ ಕಾಯುತ್ತದೆ, ಅವರು ಕಾಯಲಾರರು.

ರಿಜಿಸ್ಟರು ಸಿಕ್ಕಾಗ ಲ್ಯಾಮಿನೇಷನ್ ಮಾಡಿಸಬೇಡಿ, ಹಾಳೆ ಹಾಳಾಗುತ್ತದೆ. ಬಿಸಿಲಿಗೂ ಇಡಬೇಡಿ. ನೆರಳಿನಲ್ಲಿ ಒಂದೊಂದೇ ಪುಟದ ಫೋಟೋ ತೆಗೆದುಕೊಳ್ಳಿ. ಹಳೇ ಅಕ್ಷರ ಬಿಡಿಸಲು ಬಾರದಿದ್ದರೆ ನನಗೆ ಕಳಿಸಿ, ಕೂತು ಓದೋಣ. ಮೊದಲ ಅಧ್ಯಾಯಕ್ಕೆ ನಮ್ಮಲ್ಲಿ ನಾಲ್ಕು ಪುಟ ತೆಗೆದಿಟ್ಟಿದ್ದೇನೆ.

— ಸಂ.