ವ್ಯಾಕ್ ಹಾಕಿದ ರೋಗಿಗಳ ಗಾಯದ ದ್ರವವನ್ನು ಕ್ಯಾನಿಸ್ಟರ್‌ನಿಂದ ತೆಗೆದರೆ ಸಾಕೇ?

ವ್ಯಾಕ್ ಎಂದರೆ ಗಾಯದ ಮೇಲೆ ಫೋಮ್ ಇಟ್ಟು ಮುಚ್ಚಿ, ಪಂಪ್‌ನಿಂದ ದ್ರವವನ್ನು ಟ್ಯೂಬ್ ಮೂಲಕ ಕ್ಯಾನಿಸ್ಟರ್ ಎಂಬ ಡಬ್ಬಿಗೆ ಹೀರುವ ಚಿಕಿತ್ಸೆ. ಸಂಶೋಧನೆಗೆ ಆ ದ್ರವವನ್ನು ಕ್ಯಾನಿಸ್ಟರ್, ಟ್ಯೂಬ್, ಫೋಮ್ ಇವುಗಳಲ್ಲಿ ಎಲ್ಲಿಂದ ತೆಗೆಯಬೇಕು ಎಂಬುದು ನಿಮ್ಮ ಪ್ರಶ್ನೆ. "ಡ್ರೆಸ್ಸಿಂಗ್ ಬದಲಿಸುವ ದಿನ ಕ್ಯಾನಿಸ್ಟರ್ ಹೇಗಿದ್ದರೂ ಬಿಸಾಡುತ್ತಾರೆ, ಅದರಿಂದಲೇ ಸ್ಯಾಂಪಲ್ ತೆಗೆದರೆ ಯಾರಿಗೂ ತೊಂದರೆ ಇಲ್ಲ ಅಲ್ವಾ?" ಎಂದು ಕೇಳಿದ್ದೀರಿ. ಓದಿ ಎದೆ ಧಸಕ್ಕೆಂದಿತು. ಥೀಸಿಸ್ ಶುರು ಮಾಡುವಾಗ ನಾನು ನನ್ನ ಗೈಡ್ ಹತ್ತಿರ ಹೇಳಿದ್ದು ಇದೇ ಮಾತು. ಹನ್ನೊಂದು ತಿಂಗಳ ಕೆಲಸ ಹಾಳಾಗಿದ್ದೂ ಇದರಿಂದಲೇ.

ನಾನಾಗ ಸರ್ಜರಿ ಪಿಜಿ. ಗಾಯ ವಾಸಿಯಾಗುತ್ತಾ ಹೋದಂತೆ ದ್ರವದಲ್ಲಿ ಐಎಲ್-8 (ಉರಿಯೂತದ ಸಂಕೇತ ಪ್ರೋಟೀನ್) ಮತ್ತು ಎಂಎಂಪಿ-9 (ಪ್ರೋಟೀನ್ ಕತ್ತರಿಸುವ ಕಿಣ್ವ) ಕಡಿಮೆಯಾಗುತ್ತವೆಯೇ ಎಂದು ನೋಡುವುದು ನನ್ನ ವಿಷಯ. ಎಲ್ಲರಿಗೂ ಕಪ್ಪು ಫೋಮ್, 125 ಎಂಎಂ ಪಾದರಸದಷ್ಟು ಹೀರುವ ಒತ್ತಡ, ಎರಡು ಮೂರು ದಿನಕ್ಕೊಮ್ಮೆ ಡ್ರೆಸ್ಸಿಂಗ್. ಬೆಳಿಗ್ಗೆ ರೌಂಡ್ಸ್ ಮುಗಿದ ಮೇಲೆ ಕ್ಯಾನಿಸ್ಟರ್‌ನಿಂದ ಸಿರಿಂಜ್‌ನಲ್ಲಿ ಹತ್ತು ಎಂಎಲ್ ಎಳೆದುಕೊಂಡು ಲ್ಯಾಬಿಗೆ ಓಡುತ್ತಿದ್ದೆ. ಮೊದಲ ಎರಡು ಸಲ ಸಿರಿಂಜ್‌ಗೆ ಏನೂ ಬರಲಿಲ್ಲ. ಕೆಲವು ಕ್ಯಾನಿಸ್ಟರ್‌ಗಳ ಒಳಗೆ ದ್ರವವನ್ನು ಗಟ್ಟಿ ಮಾಡುವ ಜೆಲ್ ಪುಡಿ ಇರುತ್ತದೆ, ಎಲ್ಲಾ ಮುದ್ದೆಯಾಗಿತ್ತು. ಜೆಲ್ ಇಲ್ಲದ ಕ್ಯಾನಿಸ್ಟರ್ ತರಿಸಿಕೊಂಡು ಮುಂದುವರಿದೆ. ಅಲ್ಲೇ ನಿಂತು ಯೋಚಿಸಬೇಕಿತ್ತು. ಕ್ಯಾನಿಸ್ಟರ್ ಮಾಡಿರುವುದು ಕೊಳಕನ್ನು ಸುರಕ್ಷಿತವಾಗಿ ಎಸೆಯಲು, ಸ್ಯಾಂಪಲ್ ಕಾಪಾಡಲು ಅಲ್ಲ.

ಹತ್ತೊಂಬತ್ತು ರೋಗಿಗಳಾದರು. ಗ್ರಾಫ್ ತುಂಬಾ ಚೆನ್ನಾಗಿ ಬಂತು. ಮೊದಲ ವಾರ ಐಎಲ್-8 ಎತ್ತರದಲ್ಲಿ, ಮೂರನೇ ವಾರಕ್ಕೆ ನೆಲಕ್ಕೆ. ಗೈಡ್‌ಗೆ ಖುಷಿ, ನನಗೆ ಅದಕ್ಕಿಂತ ಖುಷಿ. ಆಮೇಲೆ ಬಯೋಕೆಮಿಸ್ಟ್ರಿ ಲ್ಯಾಬಿನ ಹಿರಿಯ ಟೆಕ್ನಿಶಿಯನ್ ನನ್ನ ರಿಜಿಸ್ಟರ್ ತಿರುವಿ ಹಾಕುತ್ತಾ ಕೇಳಿದರು: "ಮೇಡಂ, ಇದು ಗಾಯದಿಂದ ಹೊರಗೆ ಬಂದು ಎಷ್ಟು ಹೊತ್ತಾಗಿತ್ತು?"

ನಾನು ಸ್ಯಾಂಪಲ್ ತೆಗೆದ ಟೈಮ್ ಬರೆದಿದ್ದೆ. ಆ ಕ್ಯಾನಿಸ್ಟರ್ ಹಾಕಿದ ಟೈಮ್ ಎಲ್ಲೂ ಬರೆದಿರಲಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನನ್ನ ತಪ್ಪೆಲ್ಲ ಇಲ್ಲೇ ಇದೆ. ಶುರುವಿನಲ್ಲಿ ದೊಡ್ಡ ಗಾಯ ದಿನಕ್ಕೆ ಮುನ್ನೂರು ನಾನೂರು ಎಂಎಲ್ ಸುರಿಸುತ್ತದೆ. ಸಂಜೆಯೊಳಗೆ ಕ್ಯಾನಿಸ್ಟರ್ ತುಂಬುತ್ತದೆ, ಅಲಾರಂ ಆಗುತ್ತದೆ, ರಾತ್ರಿ ಡ್ಯೂಟಿ ಸಿಸ್ಟರ್ ಹೊಸದು ಹಾಕುತ್ತಾರೆ. ಬೆಳಿಗ್ಗೆ ನಾನು ಎಳೆಯುವ ದ್ರವಕ್ಕೆ ಕೆಲವೇ ಗಂಟೆಗಳ ವಯಸ್ಸು. ಮೂರನೇ ವಾರಕ್ಕೆ ಅದೇ ಗಾಯ ದಿನಕ್ಕೆ ಮೂವತ್ತು ನಲವತ್ತು ಎಂಎಲ್‌ಗೆ ಇಳಿದಿರುತ್ತದೆ. ಕ್ಯಾನಿಸ್ಟರ್ ತುಂಬುವುದೇ ಇಲ್ಲ, ಮೂರು ದಿನ ಅದೇ ನೇತಾಡುತ್ತಿರುತ್ತದೆ. ಆಗ ನಾನು ಎಳೆಯುವುದು ಮೊನ್ನೆಯದು, ನಿನ್ನೆಯದು, ಇವತ್ತಿನದು ಎಲ್ಲ ಸೇರಿ ವಾರ್ಡಿನ ಬಿಸಿಯಲ್ಲಿ ಕೂತಿದ್ದ ದ್ರವ. ಗಾಯದ ದ್ರವ ಸುಮ್ನೆ ಕೂರುವುದಿಲ್ಲ. ಅದರಲ್ಲಿ ಎಲಾಸ್ಟೇಸ್, ಎಂಎಂಪಿಗಳಂಥ ಪ್ರೋಟೀನ್ ಕತ್ತರಿಸುವ ಕಿಣ್ವಗಳು ಜಾಸ್ತಿ ಇರುತ್ತವೆ. ಮೈಯಿಂದ ಹೊರಗೆ ಬಂದ ಮೇಲೂ ಅವು ಕತ್ತರಿಸುತ್ತಲೇ ಇರುತ್ತವೆ. ಜೊತೆಗೆ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಅಂದರೆ ಗಾಯ ವಾಸಿಯಾದಷ್ಟೂ ನನ್ನ ಸ್ಯಾಂಪಲ್ ಹಳೆಯದಾಗುತ್ತಿತ್ತು, ಹಳೆಯದಾದಷ್ಟೂ ಐಎಲ್-8 ಇಳಿಯುತ್ತಿತ್ತು. ನನ್ನ ಗ್ರಾಫ್ ಗಾಯದ್ದೋ ಕ್ಯಾನಿಸ್ಟರ್‌ನದೋ ಎಂದು ಹೇಳುವ ದಾರಿಯೇ ಇರಲಿಲ್ಲ.

ನಂಬಲು ಮನಸ್ಸಾಗಲಿಲ್ಲ. ಅನುಮತಿ ತೆಗೆದುಕೊಂಡು ಮೂವರು ರೋಗಿಗಳ ತಾಜಾ ದ್ರವವನ್ನು ಎರಡು ಪಾಲು ಮಾಡಿದೆ. ಒಂದು ಪಾಲು ಕೂಡಲೇ ಐಸ್‌ಗೆ. ಇನ್ನೊಂದನ್ನು ವಾರ್ಡಿನಲ್ಲೇ ಕ್ಯಾನಿಸ್ಟರ್‌ನಲ್ಲಿ 48 ಗಂಟೆ ಇಟ್ಟೆ. ಎರಡನ್ನೂ ಒಂದೇ ದಿನ, ಒಂದೇ ಪ್ಲೇಟಿನಲ್ಲಿ ಎಲೈಸಾ (ಪ್ರೋಟೀನ್ ಎಷ್ಟಿದೆ ಎಂದು ಅಳೆಯುವ ಪರೀಕ್ಷೆ) ಮಾಡಿಸಿದೆ. ಮೂವರಲ್ಲೂ ಇಟ್ಟ ಪಾಲಿನ ಐಎಲ್-8 ಕುಸಿದಿತ್ತು. ನಾನು "ವಾಸಿಯಾಗುವಿಕೆ" ಎಂದು ಬರೆದುಕೊಂಡಿದ್ದ ಇಳಿಕೆಯೂ ಹೆಚ್ಚು ಕಡಿಮೆ ಅಷ್ಟೇ ಇತ್ತು. ಎಂಎಂಪಿ-9 ಕಥೆಯೂ ಅದೇ. ಪ್ರೋಟೀನ್‌ಗಳನ್ನು ತೂಕದ ಪ್ರಕಾರ ಪಟ್ಟಿಗಳಾಗಿ ಬೇರ್ಪಡಿಸುವ ಪರೀಕ್ಷೆಯಲ್ಲಿ, ಸುಪ್ತ ರೂಪದ 92 ಕಿಲೋಡಾಲ್ಟನ್ ಪಟ್ಟಿ ತೆಳ್ಳಗಾಗಿ, ಕತ್ತರಿಸಿಕೊಂಡು ಚುರುಕಾದ 82ರ ಪಟ್ಟಿ ದಪ್ಪವಾಗಿತ್ತು. ಗಾಯದೊಳಗೆ ಆಗದ್ದು ಡಬ್ಬಿಯೊಳಗೆ ಆಗಿತ್ತು.

ವಾರ್ಡಿನ ಚಾರ್ಟ್‌ಗಳನ್ನೆಲ್ಲ ಹುಡುಕಿದೆ. ಎಷ್ಟು ಎಂಎಲ್ ಬಂತು ಎಂದು ಇತ್ತು, ಯಾವಾಗ ಬದಲಿಸಿದರು ಎಂದು ಏಳು ಕಡೆ ಮಾತ್ರ ಸಿಕ್ಕಿತು. ಉಳಿದದ್ದೆಲ್ಲ ಕೈಬಿಟ್ಟೆ. ಥೀಸಿಸ್ ತಡವಾಗಿದ್ದನ್ನು ಹೇಗೋ ಸಹಿಸಿಕೊಂಡೆ. ಕಾಲಿನ ಗಾಯದ ಒಬ್ಬ ಅಜ್ಜ ಪ್ರತಿ ಸಲ "ನನ್ನ ಗಾಯದ ನೀರಿನಿಂದ ಏನು ಗೊತ್ತಾಯ್ತು ಡಾಕ್ಟ್ರೇ?" ಎಂದು ಕೇಳುತ್ತಿದ್ದರು. ಅವರಿಗೆ ಕೊಡಲು ನನ್ನ ಹತ್ತಿರ ಉತ್ತರವೇ ಉಳಿಯಲಿಲ್ಲ. ಅದು ಇವತ್ತಿಗೂ ನೋಯುತ್ತದೆ.

ಹಾಗಾಗಿ ಕ್ಯಾನಿಸ್ಟರಾ, ಟ್ಯೂಬಾ, ಫೋಮಾ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ದ್ರವಕ್ಕೆ ಎಷ್ಟು ಗಂಟೆ ವಯಸ್ಸು ಎಂದು ಮೊದಲು ಕೇಳಿ. ಹೊಸ ಕ್ಯಾನಿಸ್ಟರ್ ಹಾಕಿ, ಎರಡು ಗಂಟೆಯೊಳಗೆ ಅದರಲ್ಲಿ ಬಿದ್ದದ್ದನ್ನು ತೆಗೆದರೆ ಕ್ಯಾನಿಸ್ಟರೂ ನಡೆಯುತ್ತದೆ. ಉದ್ದ ಟ್ಯೂಬಿನಲ್ಲಿ ನಿಂತ ದ್ರವ ಹಳೆಯದಾಗಿದ್ದರೆ ಟ್ಯೂಬೂ ನಡೆಯುವುದಿಲ್ಲ. ನಾಲ್ಕು ಎಂಎಂ ಒಳಅಗಲದ ಒಂದೂವರೆ ಮೀಟರ್ ಟ್ಯೂಬ್ ತುಂಬಿದರೆ ಸುಮಾರು 19 ಎಂಎಲ್ ಹಿಡಿಯುತ್ತದೆ. ದಿನಕ್ಕೆ ಮೂವತ್ತು ಎಂಎಲ್ ಬರುವ ಗಾಯದಲ್ಲಿ ಅದು ಅರ್ಧ ದಿನಕ್ಕಿಂತ ಹಳೆಯದು, ಲೆಕ್ಕ ಹಾಕಿ ನೋಡಿ.

ಎರಡನೇ ಸಲ ನಾನು ಮಾಡಿದ್ದು ಹೀಗೆ. ಕಫ ಹೀರುವಾಗ ಬಳಸುವಂಥ ಸಣ್ಣ ಸ್ಟೆರೈಲ್ ಟ್ರ್ಯಾಪ್ ಬಾಟಲಿಯನ್ನು ಡ್ರೆಸ್ಸಿಂಗ್ ಮತ್ತು ಕ್ಯಾನಿಸ್ಟರ್ ನಡುವೆ, ಗಾಯಕ್ಕೆ ಆದಷ್ಟು ಹತ್ತಿರ ಜೋಡಿಸಿ ಐಸ್ ಡಬ್ಬಿಯಲ್ಲಿ ಕೂರಿಸಿದೆ. ಮೊದಲು ಬಂದದ್ದನ್ನು ಚೆಲ್ಲಿ, ಆಮೇಲಿನ ಎರಡು ಗಂಟೆಯದನ್ನು ಹಿಡಿದೆ. ಶುರು, ಕೊನೆ ಎರಡೂ ಟೈಮ್ ಬಾಟಲಿ ಮೇಲೆಯೇ ಬರೆದೆ. ತಣ್ಣಗಿನ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಮೇಲಿನ ತಿಳಿಯನ್ನು ಸಣ್ಣ ಸಣ್ಣ ಪಾಲು ಮಾಡಿ ಮೈನಸ್ 80ರಲ್ಲಿ ಇಟ್ಟೆ. ಪ್ರತಿ ಪಾಲನ್ನು ಒಂದೇ ಸಲ ಕರಗಿಸುವುದು. ಆದರೆ ನೀವಾಗಿಯೇ ಟ್ಯೂಬ್ ಕತ್ತರಿಸಲು ಹೋಗಬೇಡಿ. ಕೆಲವು ಯಂತ್ರಗಳ ಟ್ಯೂಬಿನೊಳಗೆ ಒತ್ತಡ ಅಳೆಯುವ ಬೇರೆ ನಾಳಗಳೂ ಇರುತ್ತವೆ, ನಡುವೆ ಏನಾದರೂ ಸೇರಿಸಿದರೆ ಗಾಯದ ಮೇಲಿನ ಒತ್ತಡವೇ ತಪ್ಪಾಗಬಹುದು. ಬಯೋಮೆಡಿಕಲ್‌ನವರನ್ನು ಕೇಳಿ. ಅವರು ಬೇಡ ಎಂದರೆ ಹೊಸ ಕ್ಯಾನಿಸ್ಟರ್ ದಾರಿಯೇ ಸರಿ.

ಫೋಮ್ ಹಿಂಡುವ ಯೋಚನೆ ಬಿಟ್ಟುಬಿಡಿ. ಹೊಸ ಮಾಂಸ ಫೋಮಿನ ರಂಧ್ರಗಳಿಗೆ ಬೆಳೆದಿರುತ್ತದೆ, ಕೀಳುವಾಗ ರಕ್ತ ಬರುತ್ತದೆ. ಆ ರಕ್ತದ ಪ್ಲೇಟ್‌ಲೆಟ್‌ಗಳು ವಿಇಜಿಎಫ್ (ರಕ್ತನಾಳ ಬೆಳೆಸುವ ಪ್ರೋಟೀನ್) ಬಿಡುತ್ತವೆ, ನಿಮ್ಮ ನಂಬರ್ ಸುಮ್ಮನೆ ಏರುತ್ತದೆ. ಫೋಮ್ ಬಿಡಿಸಲು ಸಲೈನ್ ಹಾಕಿದ್ದರೆ ದ್ರವ ತೆಳುವಾಗಿಯೂ ಇರುತ್ತದೆ.

ಎಂಎಂಪಿ ಚಟುವಟಿಕೆ ನೋಡುವುದಾದರೆ ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಇರುವ ಸ್ಯಾಂಪಲ್ ಟ್ಯೂಬ್ ಬೇಡ. ಆ ಕಿಣ್ವಗಳಿಗೆ ಸತು, ಕ್ಯಾಲ್ಸಿಯಂ ಬೇಕು, ಇಡಿಟಿಎ ಎರಡನ್ನೂ ಕಿತ್ತುಕೊಳ್ಳುತ್ತದೆ. ಎಂಎಲ್‌ಗೆ ಎಷ್ಟು ಎಂಬುದರ ಜೊತೆಗೆ ಗಂಟೆಗೆ ಎಷ್ಟು ಎಂಎಲ್ ಬಂತು ಎಂದೂ ಬರೆಯಿರಿ. ದ್ರವ ನಾನೂರರಿಂದ ನಲವತ್ತಕ್ಕೆ ಇಳಿದಿದ್ದರೆ, ಸಾಂದ್ರತೆ ಹಾಗೇ ಇದ್ದರೂ ಒಟ್ಟು ಪ್ರಮಾಣ ಹತ್ತನೇ ಒಂದು ಪಾಲಾಗಿರುತ್ತದೆ. ನಿಮಗೆ ಬೇಕಿರುವುದು ಬ್ಯಾಕ್ಟೀರಿಯಾ ಕಲ್ಚರ್ ಆದರೆ ಈ ದ್ರವದ ಆಸೆಯೇ ಬೇಡ, ಡ್ರೆಸ್ಸಿಂಗ್ ಬಿಚ್ಚಿ ಗಾಯ ತೊಳೆದ ಮೇಲೆ ಚೂರು ಟಿಶ್ಯೂ ಕಳಿಸಿ.

"ಬಿಸಾಡುವ ದ್ರವಕ್ಕೆ ಕನ್ಸೆಂಟ್ ಯಾಕೆ" ಎಂದೂ ಬರೆದಿದ್ದೀರಿ. ಬೇಕು. ನೀವು ಅದನ್ನು ಬಿಸಾಡುತ್ತಿಲ್ಲ, ಒಬ್ಬರ ಮೈಯಿಂದ ಬಂದದ್ದನ್ನು ಇಟ್ಟುಕೊಂಡು ಪರೀಕ್ಷೆ ಮಾಡುತ್ತಿದ್ದೀರಿ. ಎಥಿಕ್ಸ್ ಕಮಿಟಿಗೂ ಹೋಗಬೇಕು. ಸ್ಯಾಂಪಲ್‌ಗೋಸ್ಕರ ಪಂಪ್ ನಿಲ್ಲಿಸಿ ಕಾಯುವುದಂತೂ ಕೂಡದು. ಇಡೀ ದಿನದಲ್ಲಿ ಎಲ್ಲ ಸೇರಿ ಎರಡು ಗಂಟೆಗಿಂತ ಜಾಸ್ತಿ ಪಂಪ್ ಆಫ್ ಇರಬಾರದು ಎಂದು ತಯಾರಕರೇ ಹೇಳುತ್ತಾರೆ. ಟ್ಯೂಬಿನಲ್ಲಿ ಕೆಂಪಗೆ ಹೊಸ ರಕ್ತ ಕಂಡರೆ ಮಾತ್ರ ಸ್ಯಾಂಪಲ್ ಮರೆತು, ಪಂಪ್ ನಿಲ್ಲಿಸಿ, ಗಾಯ ಒತ್ತಿ ಹಿಡಿದು ಸೀನಿಯರ್ ಅನ್ನು ಕರೆಯಿರಿ. ಅಮೆರಿಕದ ಔಷಧ, ವೈದ್ಯಕೀಯ ಸಾಧನ ನಿಯಂತ್ರಣ ಸಂಸ್ಥೆ ಎಫ್‌ಡಿಎ 2009ರಲ್ಲಿ, ಮತ್ತೆ 2011ರಲ್ಲಿ ಈ ಚಿಕಿತ್ಸೆಯ ಬಗ್ಗೆ ಎಚ್ಚರಿಕೆ ಕೊಟ್ಟಾಗ ಎಲ್ಲಕ್ಕಿಂತ ಗಂಭೀರ ಎಂದಿದ್ದು ರಕ್ತಸ್ರಾವವನ್ನೇ.

ಈಗಾಗಲೇ ಹನ್ನೆರಡು ಸ್ಯಾಂಪಲ್ ತೆಗೆದಿಟ್ಟಿದ್ದೇನೆ ಎಂದಿರಿ. ಅವನ್ನು ಎಸೆಯಬೇಡಿ, ಆದರೆ ಒಂದನ್ನೂ ಫಲಿತಾಂಶಕ್ಕೆ ಸೇರಿಸಬೇಡಿ. ಮೊದಲು ಆ ರೋಗಿಗಳಿಗೆ ವಿಷಯ ಹೇಳಿ, ಕಮಿಟಿಯಿಂದ ಒಪ್ಪಿಗೆ ತನ್ನಿ. ಆಮೇಲೆ ಎಲೈಸಾಗೆ ಎಷ್ಟು ಪಟ್ಟು ತೆಳು ಮಾಡಬೇಕು ಎಂದು ನೋಡಲು ಅವನ್ನೇ ಬಳಸಿ. ಆ ಕೆಲಸಕ್ಕೆ ಅವು ಸಾಕು.