ಎಚ್‌ಎಫ್ ಹಸುವೋ, ನಾಟಿ ಹಸುವೋ ಎಂದು ಕೇಳುವ ಮೊದಲು

ಎರಡು ಎಕರೆಯಲ್ಲಿ ಈ ಏಪ್ರಿಲ್‌ನಿಂದಲೇ ಎರಡು ಹಸು, ಹತ್ತು ಕೋಳಿ, ಮನೆಮಟ್ಟಿಗೆ ತರಕಾರಿ ಎಂದು ಹೊರಟಿರುವ ನೀವು, ಹೆಚ್ಚು ಹಾಲು ಕೊಡುವ ವಿದೇಶಿ ತಳಿಯಾದ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಹಸು ಕೊಳ್ಳಲೋ ನಾಟಿ ಹಸು ಕೊಳ್ಳಲೋ ಎಂದು ಕೇಳಿದ್ದೀರಿ. ಎಂಟು ವರ್ಷಗಳ ಹಿಂದೆ ಶಿರಾ ತಾಲ್ಲೂಕಿನ ನಮ್ಮೂರಿಗೆ ಮರಳಿದಾಗ ನಾನೂ ಕಂಡಕಂಡವರನ್ನೆಲ್ಲ ಇದನ್ನೇ ಕೇಳಿ, ಮಾರ್ಚ್ ತಿಂಗಳಿನಲ್ಲಿ ಎರಡು ಎಚ್‌ಎಫ್ ಮಿಶ್ರತಳಿ ಹಸುಗಳನ್ನು ತಂದು ಕಟ್ಟಿದೆ.

ಮೇವಿನ ಲೆಕ್ಕ ಹಾಕಿರಲಿಲ್ಲ. ಕೊಂಡು ತಂದ ರಾಗಿ ಹುಲ್ಲು ಏಪ್ರಿಲ್ ಮೊದಲ ವಾರಕ್ಕೇ ಮುಗಿಯುತ್ತ ಬಂತು. ಕರೆಯುವ ಹಸು ಬಿರುಬಿಸಿಲಿನಲ್ಲಿ ದಿನಕ್ಕೆ 80 ಲೀಟರಿಗೂ ಹೆಚ್ಚು ನೀರು ಕುಡಿಯಬಲ್ಲದು. ಸೊರಗಿದ ಕೊಳವೆಬಾವಿಯಿಂದ ಅದನ್ನು ಪೂರೈಸಿದ ಮೇಲೆ ಬದನೆ, ಮೆಣಸಿನ ಗಿಡಗಳಿಗೆ ಸಿಗುತ್ತಿದ್ದುದು ಪಾತ್ರೆ ತೊಳೆದ ನೀರು ಮಾತ್ರ. ಜಮೀನನ್ನು ಪಾಲಿಗೆ ಮಾಡುತ್ತಿದ್ದವರು ಫೆಬ್ರವರಿಯಲ್ಲಿ ಜೋಳ ಕೊಯ್ದುಕೊಂಡು ಹೋಗಿದ್ದರು. ಅದರ ಕೂಳೆ, ಎಂದರೆ ಕೊಯ್ದ ಮೇಲೆ ನೆಲದಲ್ಲುಳಿದ ಬುಡ, ಅಶ್ವಿನಿ ಮಳೆ ಒಂದು ಹದ ಬಿದ್ದದ್ದೇ ಚಿಗುರಿ, ಮೊಣಕಾಲುದ್ದ ಕಡುಹಸಿರಾಗಿ ನಿಂತಿತ್ತು. ರಾತ್ರಿಯೆಲ್ಲ ಅರೆಹೊಟ್ಟೆಯಲ್ಲಿದ್ದ ಹಸುಗಳ ಕಣ್ಣಿ ಬಿಚ್ಚಿ, ಬೆಳಗ್ಗೆ ಅದರೊಳಕ್ಕೆ ಬಿಟ್ಟೆ.

ಇದನ್ನು ಬಿಡಿಸಿ ಹೇಳುತ್ತೇನೆ, ಬೇಸರಿಸಬೇಡಿ. ನೀರಿಲ್ಲದೆ ಕುಂಠಿತವಾದ ಜೋಳದ ಎಳೆ ಎಲೆಗಳಲ್ಲಿ ಧುರಿನ್ ಎಂಬ ವಸ್ತು ಹೆಚ್ಚಾಗಿರುತ್ತದೆ. ಹಸು ಅದನ್ನು ಅಗಿದು ನುಂಗಿದಾಗ ಒಡೆದು ಸೈನೈಡ್ ಹೊರಬರುತ್ತದೆ. ಬರದ ನಂತರ ಮಳೆ ಕಂಡು ಹೊರಟ ಕೂಳೆಯ ಚಿಗುರಂತೂ ಇನ್ನೂ ಅಪಾಯಕಾರಿ. ಮೊದಲೇ ಒಂದಿಷ್ಟು ಒಣಹುಲ್ಲು ತಿನ್ನಿಸಿದ್ದರೆ ಹಸುಗಳು ಅಷ್ಟು ಆತುರದಿಂದ ಮೇಯುತ್ತಿರಲಿಲ್ಲ, ನಂಜೂ ಅಷ್ಟು ಬೇಗ ಏರುತ್ತಿರಲಿಲ್ಲ. ಅರ್ಧ ಗಂಟೆಯೊಳಗೆ ದೊಡ್ಡ ಹಸು ಏದುಸಿರು ಬಿಡುತ್ತ, ನೊರೆ ಸುರಿಸುತ್ತ ಮುಗ್ಗರಿಸಿ ಬಿತ್ತು. ಅದರ ವಸಡು ಕೆಂಪೇರಿದ್ದನ್ನು ಕಂಡೂ, ಹೊಟ್ಟೆಯುಬ್ಬರವೆಂದೇ ತಿಳಿದು, ಎಣ್ಣೆ ಕುಡಿಸಲು ಗೊಟ್ಟ ಹುಡುಕುತ್ತಿದ್ದೆ. ಪಶುವೈದ್ಯರು ಬರುವಷ್ಟರಲ್ಲಿ ಅದು ಸತ್ತಿತ್ತು. ಇನ್ನೊಂದರ ನರಕ್ಕೆ ಸೋಡಿಯಂ ಥಯೋಸಲ್ಫೇಟ್ ಎಂಬ ಪ್ರತಿವಿಷ ಕೊಟ್ಟು ಉಳಿಸಿದರು. ಪಕ್ಕದ ಹೊಲದ ಅಜ್ಜ, "ಕೂಳೆಗೆ ದನ ಬಿಡ್ತಾರೇನಪ್ಪಾ?" ಎಂದಷ್ಟೇ ಹೇಳಿ ಹೋದರು. ಅವರನ್ನೂ ನಾನು ಕೇಳಿದ್ದು ತಳಿಯ ವಿಚಾರವನ್ನೇ.

ಆದ್ದರಿಂದ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಎನ್ನುತ್ತೇನೆ. ಬೇಸಿಗೆಯಲ್ಲಿ ಹಸು ಕೊಳ್ಳಲೇಬೇಡಿ. ಈಗ ಕೋಳಿ ಸಾಕಿ. ಹುಣಸೆ ಮರದ ನೆರಳು, ಮಣ್ಣಿನ ಬಾನಿಯಲ್ಲಿ ನೀರು ಇದ್ದರೆ ಮಧ್ಯಾಹ್ನದ ಹೊತ್ತನ್ನು ಅವು ರೆಕ್ಕೆ ಅಗಲಿಸಿಕೊಂಡು ಕಳೆಯುತ್ತವೆ. ಬಚ್ಚಲ ನೀರು ಹರಿಯುವ ಕಡೆ ಬಸಳೆ ಹಾಕಿ, ಗಿಡಗಳ ಬುಡಕ್ಕೆ ತೆಂಗಿನ ಸಿಪ್ಪೆ ಮುಚ್ಚಿ. ಅಜೋಲ್ಲಾ ಎಂಬ ನೀರಿನ ಮೇಲೆ ತೇಲುವ ಸಣ್ಣ ಸಸ್ಯ ಬೆಳೆದರೆ ಮೇವಿನ ಚಿಂತೆಯೇ ಇಲ್ಲ ಎನ್ನುವವರ ಮಾತು ನಂಬಬೇಡಿ. ಅದು ಉಪ್ಪಿನಕಾಯಿಯಿದ್ದಂತೆ, ಊಟವಲ್ಲ. ಮಳೆಗಾಲದಲ್ಲಿ ಜೋಳ ಹಾಕಿದರೆ, ಹೂವಾದ ಮೇಲೆ ಕೊಯ್ದು, ಚೆನ್ನಾಗಿ ಒಣಗಿಸಿ ಸಪ್ಪೆಯಾಗಿಯೇ (ಒಣ ದಂಟಾಗಿಯೇ) ಹಾಕಿ. ಹಸುವೊಂದಕ್ಕೆ ದಿನಕ್ಕೆ 6-7 ಕೆ.ಜಿ. ಒಣಮೇವು ಎಂದರೂ ಫೆಬ್ರವರಿಯಿಂದ ಜೂನ್‌ವರೆಗೆ ಸುಮಾರು ಒಂದು ಟನ್ ಬೇಕು. ರಾಗಿ ಕೊಯ್ಲು ಮುಗಿದು ನಿಮ್ಮ ಬಣವೆ ಎದ್ದ ಮೇಲೆ ಅದರ ಅಳತೆ ತಿಳಿಸಿ. ಎಚ್‌ಎಫ್‌ನ ಮಾತು ಆಗ ಆಡೋಣ.